ಬ್ಯಾರಿ ಬಾಂಡ್ಸ್ ಸಂಖ್ಯೆ ಕ್ರೀಡಾಂಗಣದಲ್ಲಿದೆ, ಹೆಸರು ಹಾಲ್ ಆಫ್ ಫೇಮ್‌ನಲ್ಲಿ ಏಕಿಲ್ಲ?

ಪ್ರಶ್ನೆ: ಕ್ರಿಕೆಟ್ ನೋಡಿಕೊಂಡು ಬೆಳೆದ ನಾನು ಈಗ ಸ್ಯಾನ್ ಹೋಸೆಯಲ್ಲಿ ನೆಲೆಸಿದ್ದೇನೆ. ಮಗ ಶಾಲೆಯ ಬೇಸ್‌ಬಾಲ್ ತಂಡ ಸೇರಿದ ಮೇಲೆ ನನಗೂ ಆ ಆಟದ ರುಚಿ ಹತ್ತಿದೆ. ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ತಂಡದ ಕ್ರೀಡಾಂಗಣದಲ್ಲಿ ಆ ತಂಡದ ಹಿಂದಿನ ಹೊಡೆತಗಾರ ಬ್ಯಾರಿ ಬಾಂಡ್ಸ್ ಅವರ 25ನೇ ಸಂಖ್ಯೆಯನ್ನು ಗೌರವದಿಂದ ಬರೆದಿದ್ದಾರೆ. ಆದರೆ ಉದ್ದೀಪನ ಮದ್ದಿನ ಕಾರಣಕ್ಕೆ ಅವರನ್ನು ಬೇಸ್‌ಬಾಲ್ ಶ್ರೇಷ್ಠರ ಗೌರವ ಮಂದಿರವಾದ ಹಾಲ್ ಆಫ್ ಫೇಮ್‌ಗೆ ಸೇರಿಸಿಲ್ಲವಂತೆ. ಅಂಥದೇ ಮಾತು ಕೇಳಿಬಂದಿದ್ದ ಬಾಸ್ಟನ್‌ನ ಡೇವಿಡ್ ಆರ್ಟಿಜ್ ಮಾತ್ರ ಸೇರಿದ್ದಾರಂತೆ. ಇದು ಯಾವ ನ್ಯಾಯ? ಮದ್ದು ತೆಗೆದುಕೊಂಡ ಮಾತ್ರಕ್ಕೆ ಚೆಂಡು ಬ್ಯಾಟಿಗೆ ಸಿಗುತ್ತದೆಯೇ? ಸಿಕ್ಕಿಬಿದ್ದವರನ್ನು ಮೊದಲ ಸಲವೇ ಆಜೀವ ನಿಷೇಧಿಸಬಾರದೇಕೆ? ಇನ್ನೊಂದು ಮಾತು: 15 ವರ್ಷದ ಮಗನಿಗೆ ತಂಡದ ಗೆಳೆಯರು ಸ್ನಾಯು ಬೆಳೆಸುವ ಪುಡಿ ತೆಗೆದುಕೊಳ್ಳಲು ಹೇಳುತ್ತಿದ್ದಾರೆ. ಕೊಡಬಹುದೇ?

ಉತ್ತರ: ಬಾಂಡ್ಸ್ ಬಗ್ಗೆ ವಾದ ಮಾಡುವ ಬಹಳ ಮಂದಿಗೆ ಗೊತ್ತಿಲ್ಲದ ಸಂಗತಿಯಿಂದ ಶುರು ಮಾಡುತ್ತೇನೆ. ಉದ್ದೀಪನ ಮದ್ದಿನ ಕಾರಣಕ್ಕೆ ಮೇಜರ್ ಲೀಗ್, ಅಂದರೆ ಅಮೆರಿಕದ ಅತ್ಯುನ್ನತ ವೃತ್ತಿಪರ ಬೇಸ್‌ಬಾಲ್ ಲೀಗ್, ಅವರನ್ನು ಒಂದೇ ಒಂದು ಪಂದ್ಯದಿಂದಲೂ ಹೊರಗಿಟ್ಟಿಲ್ಲ. 2001ರ ಒಂದೇ ಋತುವಿನಲ್ಲಿ ಹೊಡೆದ 73 ಹೋಮ್ ರನ್ (ಕ್ರಿಕೆಟ್ಟಿನ ಸಿಕ್ಸರ್ ಹಾಗೆ ಚೆಂಡನ್ನು ಬೇಲಿಯಾಚೆ ಅಟ್ಟುವ ಹೊಡೆತ), ವೃತ್ತಿಜೀವನದ 762 ಹೋಮ್ ರನ್, ಎರಡೂ ಇವತ್ತಿಗೂ ಅಧಿಕೃತ ದಾಖಲೆಗಳೇ. ಅವುಗಳ ಪಕ್ಕದಲ್ಲಿ ನಕ್ಷತ್ರ ಚಿಹ್ನೆಯಿಲ್ಲ, ಅಡಿಟಿಪ್ಪಣಿಯಿಲ್ಲ. 2018ರಲ್ಲಿ ಜೈಂಟ್ಸ್ ತಂಡ 25ನೇ ಸಂಖ್ಯೆಯನ್ನು ಮುಂದೆ ಯಾರಿಗೂ ಕೊಡದಂತೆ ನಿವೃತ್ತಿಗೊಳಿಸಿತು. ಅವರಿಗೆ ಬಾಗಿಲು ಮುಚ್ಚಿರುವುದು ನ್ಯೂಯಾರ್ಕ್ ರಾಜ್ಯದ ಕೂಪರ್ಸ್‌ಟೌನ್‌ನಲ್ಲಿರುವ ಹಾಲ್ ಆಫ್ ಫೇಮ್ ಒಂದೇ, ಅದೂ ಮತದಾನದ ಮೂಲಕ.

ನನ್ನ ಅಭಿಪ್ರಾಯವನ್ನೂ ಈಗಲೇ ಹೇಳಿಬಿಡುವುದು ಒಳ್ಳೆಯದು, ಮುಂದಿನದನ್ನು ಓದುವಾಗ ಅದನ್ನು ಕಳೆದು ಓದಲು ನಿಮಗೆ ಅನುಕೂಲವಾಗುತ್ತದೆ. ಮದ್ದು ತೆಗೆದುಕೊಂಡವರು ಆಟಗಾರರು, ಅನುಮಾನವಿಲ್ಲ. ಆದರೆ ವರ್ಷಗಟ್ಟಲೆ ಜಾಣಕುರುಡು ನಟಿಸಿ ಆ ಲಾಭದ ದೊಡ್ಡ ಪಾಲನ್ನು ಉಂಡವರು ತಂಡಗಳ ಮಾಲೀಕರು. ಪರೀಕ್ಷೆಗೆ ಅಡ್ಡ ನಿಂತದ್ದು ಆಟಗಾರರ ಸಂಘ. ಲೆಕ್ಕ ಚುಕ್ತಾ ಮಾಡುವ ಹೊತ್ತು ಬಂದಾಗ ತಲೆದಂಡವಾದದ್ದು ಮಾತ್ರ ಕೆಲವೇ ಆಟಗಾರರದು.

ಮೊದಲು ವೈದ್ಯಕೀಯದ ಪ್ರಶ್ನೆ. ಹೌದು, ಮದ್ದು ಕೆಲಸ ಮಾಡುತ್ತದೆ. ಬಹುಕಾಲ ವೈದ್ಯರೇ ಇದನ್ನು ಅಲ್ಲಗಳೆಯುತ್ತಿದ್ದರು. ಸ್ಟೀರಾಯ್ಡ್‌ನಿಂದ ಬರುವುದು ನೀರು ತುಂಬಿದ ಊತ, ಬಲವಲ್ಲ ಎಂದು ಆಟಗಾರರಿಗೆ ಉಪದೇಶ ಮಾಡುತ್ತಿದ್ದರು. ಕನ್ನಡಿಯ ಮುಂದೆ ನಿಂತ ಆಟಗಾರ ನಗದೆ ಇನ್ನೇನು ಮಾಡುತ್ತಾನೆ? 1996ರಲ್ಲಿ ಭಾರತೀಯ ಮೂಲದ ವೈದ್ಯ ಶಲೇಂದರ್ ಭಾಸಿನ್ ಅವರ ತಂಡ 43 ಆರೋಗ್ಯವಂತ ಗಂಡಸರ ಮೇಲೆ ನಡೆಸಿದ ಅಧ್ಯಯನ ಈ ಉಪದೇಶಕ್ಕೆ ತೆರೆ ಎಳೆಯಿತು. ಸ್ಟೀರಾಯ್ಡ್ ಗುಂಪಿಗೆ ಸೇರಿದ ಗಂಡು ಹಾರ್ಮೋನ್ ಟೆಸ್ಟೊಸ್ಟೆರಾನ್ ಅನ್ನು ವಾರಕ್ಕೆ 600 ಮಿಲಿಗ್ರಾಂ ಪಡೆದು ಭಾರ ಎತ್ತುವ ವ್ಯಾಯಾಮವನ್ನೂ ಮಾಡಿದವರಲ್ಲಿ ಹತ್ತು ವಾರಗಳಲ್ಲಿ ಕೊಬ್ಬುರಹಿತ ತೂಕ ಸರಾಸರಿ 6 ಕಿಲೋಗ್ರಾಂಗಿಂತ ಹೆಚ್ಚಾಯಿತು. ವ್ಯಾಯಾಮವನ್ನೇ ಮಾಡದೆ ಔಷಧ ಮಾತ್ರ ಪಡೆದವರ ಸ್ನಾಯುವೂ ಬೆಳೆಯಿತು.

ಸ್ನಾಯು ಬೆಳೆದರೆ ಚೆಂಡು ಬ್ಯಾಟಿಗೆ ಸಿಗುತ್ತದೆಯೇ ಎಂಬ ನಿಮ್ಮ ಅನುಮಾನ ಸರಿಯಾದದ್ದೇ. ಗಂಟೆಗೆ 95 ಮೈಲಿ ವೇಗದ ಎಸೆತ ಬ್ಯಾಟರ್ ಬಳಿ ಬರಲು ಸುಮಾರು 0.4 ಸೆಕೆಂಡ್ ಸಾಕು. ಅಷ್ಟರಲ್ಲಿ ಚೆಂಡನ್ನು ಗುರುತಿಸಿ ಹೊಡೆಯಬೇಕೋ ಬಿಡಬೇಕೋ ನಿರ್ಧರಿಸುವ ಕಲೆಯನ್ನು ಯಾವ ಸೂಜಿಯೂ ಕೊಡುವುದಿಲ್ಲ. ಆದರೆ ಆ ಕಲೆ ಈಗಾಗಲೇ ಇರುವವನಿಗೆ ಮದ್ದು ಎರಡು ರೀತಿಯಲ್ಲಿ ನೆರವಾಗುತ್ತದೆ. ಬ್ಯಾಟ್ ವೇಗವಾಗಿ ತಿರುಗಿದರೆ, ನಿರ್ಧರಿಸುವ ಮುನ್ನ ಚೆಂಡನ್ನು ಒಂದು ಕಣ ಹೆಚ್ಚು ಹೊತ್ತು ನೋಡಬಹುದು. ಇನ್ನೊಂದು ಬೇಲಿಯ ಲೆಕ್ಕ. ಟಫ್ಟ್ಸ್ ವಿಶ್ವವಿದ್ಯಾಲಯದ ಭೌತವಿಜ್ಞಾನಿ ರಾಜರ್ ಟೋಬಿನ್ 2008ರಲ್ಲಿ ಇದನ್ನು ಲೆಕ್ಕ ಹಾಕಿ ತೋರಿಸಿದರು. ಸ್ನಾಯುವಿನ ತೂಕ ಶೇ 10ರಷ್ಟು ಹೆಚ್ಚಿದರೆ ಬ್ಯಾಟಿನ ವೇಗ ಸುಮಾರು ಶೇ 5ರಷ್ಟು, ಹೊಡೆತ ತಿಂದ ಚೆಂಡಿನ ವೇಗ ಸುಮಾರು ಶೇ 4ರಷ್ಟು ಹೆಚ್ಚುತ್ತದೆ. ನೋಡಲು ಪುಡಿಗಾಸಿನಂಥ ಅಂಕಿಗಳು. ಆದರೆ ಮೊದಲೇ ದೊಡ್ಡ ಹೊಡೆತಗಾರನಾದವನ ಹೋಮ್ ರನ್‌ಗಳು ಇಷ್ಟರಿಂದಲೇ ಶೇ 50ರಷ್ಟೋ ಅದಕ್ಕಿಂತ ಹೆಚ್ಚೋ ಏರಬಹುದು. ಬೇಲಿಗೆ ಹತ್ತಡಿ ಮೊದಲೇ ಕ್ಷೇತ್ರರಕ್ಷಕನ ಕೈಸೇರುತ್ತಿದ್ದ ಚೆಂಡುಗಳೆಲ್ಲ ಈಗ ಬೇಲಿಯಾಚೆ ಬೀಳುತ್ತವೆ.

ಬಾಂಡ್ಸ್ ಅವರ ಅಂಕಿ ಅಂಶಗಳನ್ನು ಈ ಲೆಕ್ಕದ ಪಕ್ಕದಲ್ಲಿಟ್ಟು ನೋಡಿ. 1999ರವರೆಗೆ ಅವರ ಅತ್ಯುತ್ತಮ ಋತು 1993ರದು, 46 ಹೋಮ್ ರನ್. ಸಾಮಾನ್ಯವಾಗಿ ಬ್ಯಾಟರ್‌ಗಳು ಇಳಿಮುಖವಾಗುವ ಮೂವತ್ತಾರು, ಮೂವತ್ತೇಳರ ವಯಸ್ಸಿನಲ್ಲಿ ಅವರು 73 ಹೊಡೆದರು. 2004ರಲ್ಲಿ, ನಲವತ್ತು ತುಂಬುವ ವರ್ಷ, ಎದುರಾಳಿಗಳು ಅವರಿಗೆ ಚೆಂಡು ಎಸೆಯಲೇ ಅಂಜಿ 232 ಬಾರಿ ವಾಕ್ ಕೊಟ್ಟರು, ಅಂದರೆ ಹೊಡೆಯಲಾಗದಂತೆ ಚೆಂಡನ್ನು ಆಚೆ ಎಸೆದು ಮೊದಲ ನೆಲೆಗೆ ಸುಮ್ಮನೆ ಬಿಟ್ಟರು, ಅದರಲ್ಲಿ 120 ಉದ್ದೇಶಪೂರ್ವಕ. ಇದನ್ನು ನೋಡಿದ ವೈದ್ಯ ಹುಬ್ಬೇರಿಸದಿರಲಾರ. ಆದರೆ ಅವರು ಏಳು ಬಾರಿ ಪಡೆದ ಶ್ರೇಷ್ಠ ಆಟಗಾರ ಪ್ರಶಸ್ತಿಯಲ್ಲಿ ಮೂರು 1990, 1992 ಮತ್ತು 1993ರವು, ಯಾರೂ ಬೆರಳು ತೋರಿಸದ ಕಾಲದವು. ಮದ್ದಿಲ್ಲದ ಬಾಂಡ್ಸ್ ಕೂಡ ಕೂಪರ್ಸ್‌ಟೌನ್ ಸೇರಬೇಕಾದ ಆಟಗಾರನೇ. ಈ ಕಥೆಯಲ್ಲಿ ನನಗೆ ಬೇಸರ ತರುವುದು ಇದೇ.

ಇಲ್ಲಿ ಒಂದು ಎಚ್ಚರಿಕೆ. ಹೋಮ್ ರನ್ ಹೆಚ್ಚಾದಾಗಲೆಲ್ಲ ಮದ್ದಿನ ಮೇಲೆ ಹೊರೆ ಹೊರಿಸುವ ಚಟ ಬೇಡ. 2000ದಲ್ಲಿ, ಸ್ಟೀರಾಯ್ಡ್ ಕಾಲದ ನಡು ಮಧ್ಯಾಹ್ನದಲ್ಲಿ, ಇಡೀ ಲೀಗಿನಲ್ಲಿ 5,693 ಹೋಮ್ ರನ್ ಬಿದ್ದವು. ಕಟ್ಟುನಿಟ್ಟಿನ ಪರೀಕ್ಷೆ ಇದ್ದ 2019ರಲ್ಲಿ 6,776. ಚೆಂಡಿನ ಹೊಲಿಗೆ ಒಂದಿಷ್ಟು ತಗ್ಗಾಗಿ ಗಾಳಿಯ ತಡೆ ಕಡಿಮೆಯಾದದ್ದು, ಬ್ಯಾಟರ್‌ಗಳು ಚೆಂಡನ್ನು ಮೇಲಕ್ಕೆತ್ತಿ ಹೊಡೆಯಲು ಕಲಿತದ್ದು ಇದಕ್ಕೆ ಕಾರಣ. ಬ್ಯಾಟರ್‌ಗಳಷ್ಟೇ ಮದ್ದು ತಿಂದರು ಎಂಬುದೂ ತಪ್ಪು. ಸಿಕ್ಕಿಬಿದ್ದವರಲ್ಲಿ ಚೆಂಡು ಎಸೆಯುವ ಪಿಚರ್‌ಗಳು ಧಾರಾಳವಾಗಿದ್ದಾರೆ. ಆರು ತಿಂಗಳಲ್ಲಿ 162 ಪಂದ್ಯ ಆಡುವ ಈ ಆಟದಲ್ಲಿ ದೈತ್ಯಬಲಕ್ಕಿಂತ ನಾಳೆ ಬೆಳಗ್ಗೆ ಎದ್ದು ಮತ್ತೆ ಆಡುವ ಶಕ್ತಿಗೆ ಬೆಲೆ ಹೆಚ್ಚು. ಮದ್ದಿನ ನಿಜವಾದ ಆಕರ್ಷಣೆ ಅಲ್ಲಿದೆ.

ಈ ಆಕರ್ಷಣೆ ನಿನ್ನೆ ಮೊನ್ನೆಯದಲ್ಲ. 1889ರಲ್ಲಿ ಪಿಟ್ಸ್‌ಬರ್ಗ್‌ನ ಪಿಚರ್ ಪಡ್ ಗ್ಯಾಲ್ವಿನ್ ಪ್ರಾಣಿಗಳ ವೃಷಣದಿಂದ ತೆಗೆದ ರಸವನ್ನು ಚುಚ್ಚಿಸಿಕೊಂಡು ಪಂದ್ಯ ಗೆದ್ದಾಗ ಪತ್ರಿಕೆಗಳು ಛೀ ಎನ್ನಲಿಲ್ಲ, ಹೊಗಳಿದವು. (ಆ ರಸದಲ್ಲಿ ಹಾರ್ಮೋನ್ ಇದ್ದೀತು ಎಂದು ಇವತ್ತು ಯಾರೂ ನಂಬುವುದಿಲ್ಲ. ಗೆಲ್ಲಿಸಿದ್ದು ನಂಬಿಕೆ ಇರಬೇಕು.) ಅರವತ್ತು ಎಪ್ಪತ್ತರ ದಶಕಗಳಲ್ಲಿ ಡ್ರೆಸಿಂಗ್ ಕೋಣೆಗಳಲ್ಲಿ ಆಂಫೆಟಮಿನ್ ಮಾತ್ರೆಗಳು ಕಾಫಿಯಷ್ಟೇ ಸಲೀಸಾಗಿ ಓಡಾಡುತ್ತಿದ್ದವು. ಆಟಗಾರರು ಅವನ್ನು ಗ್ರೀನೀಸ್ ಎಂದು ಕರೆಯುತ್ತಿದ್ದರು. ಲೀಗ್ ಅವುಗಳಿಗೆ ಪರೀಕ್ಷೆ ಆರಂಭಿಸಿದ್ದು 2006ರಲ್ಲಿ! ಆ ಬಾಗಿಲು ಮುಚ್ಚಿದ ತಕ್ಷಣ ಇನ್ನೊಂದು ತೆರೆಯಿತು. ಗಮನ ಕೊರತೆಯ ಕಾಯಿಲೆ ಇದೆ ಎಂದು ವೈದ್ಯರ ಚೀಟಿ ತಂದು ಉತ್ತೇಜಕ ಔಷಧಕ್ಕೆ ವಿನಾಯಿತಿ ಪಡೆದ ಆಟಗಾರರ ಸಂಖ್ಯೆ 2006ರಲ್ಲಿ 28 ಇದ್ದದ್ದು 2007ರಲ್ಲಿ 103 ಆಯಿತು. ಒಂದೇ ವರ್ಷದಲ್ಲಿ ಇಷ್ಟು ಜನ ಆಟಗಾರರಿಗೆ ಗಮನ ತಪ್ಪುವ ಸಾಂಕ್ರಾಮಿಕ ತಗುಲಿತೆಂದು ನಂಬುವುದು ಕಷ್ಟ.

ಈಗ ಜಾಣಕುರುಡಿನ ಕಥೆ. 1991ರಲ್ಲಿ ಲೀಗಿನ ಆಗಿನ ಮುಖ್ಯಸ್ಥ, ಕಮಿಷನರ್ ಫೇ ವಿನ್ಸೆಂಟ್ ಎಲ್ಲ ತಂಡಗಳಿಗೂ ಸುತ್ತೋಲೆ ಕಳುಹಿಸಿದರು: ವೈದ್ಯರ ಚೀಟಿಯಿಲ್ಲದೆ ಸ್ಟೀರಾಯ್ಡ್ ಬಳಸುವಂತಿಲ್ಲ. ಪರೀಕ್ಷೆಯೇ ಇಲ್ಲದ ನಿಷೇಧ ಅದು. ಪರೀಕ್ಷೆ ತರಬೇಕಾದರೆ ಆಟಗಾರರ ಸಂಘದ ಒಪ್ಪಿಗೆ ಬೇಕು. ಸಂಘವೋ ಅದು ಖಾಸಗಿತನದ ಮೇಲಿನ ದಾಳಿ ಎನ್ನುತ್ತಿತ್ತು. ಮಾಲೀಕರಿಗೂ ಅದಕ್ಕಿಂತ ದೊಡ್ಡ ಜಗಳ ಇತ್ತು, ಸಂಬಳದ ಮಿತಿಯದು. ಆ ಜಗಳವೇ 1994ರ ಆಗಸ್ಟ್‌ನಲ್ಲಿ ಮುಷ್ಕರವಾಗಿ ಸಿಡಿದು ಚಾಂಪಿಯನ್ ಯಾರೆಂದು ನಿರ್ಧರಿಸುವ ಆ ವರ್ಷದ ವರ್ಲ್ಡ್ ಸೀರೀಸ್ ಸರಣಿ ರದ್ದಾಯಿತು. ಎರಡು ಮಹಾಯುದ್ಧಗಳು ನಿಲ್ಲಿಸದ ಸರಣಿಯನ್ನು ದುಡ್ಡಿನ ಜಗಳ ನಿಲ್ಲಿಸಿತು. ಮುನಿಸಿಕೊಂಡ ಪ್ರೇಕ್ಷಕ ಮರುವರ್ಷ ಕ್ರೀಡಾಂಗಣದತ್ತ ಸುಳಿಯಲಿಲ್ಲ.

ಅವನನ್ನು ಮರಳಿ ಕರೆತಂದದ್ದು 1998ರ ಬೇಸಿಗೆ. ಸೇಂಟ್ ಲೂಯಿಸ್‌ನ ಮಾರ್ಕ್ ಮೆಗ್ವಾಯರ್, ಶಿಕಾಗೋದ ಸ್ಯಾಮಿ ಸೋಸಾ ಇಬ್ಬರೂ ರಾಜರ್ ಮ್ಯಾರಿಸ್ ಅವರ 1961ರ 61 ಹೋಮ್ ರನ್‌ಗಳ ದಾಖಲೆಯನ್ನು ಬೆನ್ನಟ್ಟಿದರು. ಕೊನೆಗೆ ಮೆಗ್ವಾಯರ್ 70ಕ್ಕೆ, ಸೋಸಾ 66ಕ್ಕೆ ನಿಂತರು. ಟೆಲಿವಿಷನ್, ಜಾಹೀರಾತು, ಟಿಕೆಟ್, ಎಲ್ಲವೂ ಮತ್ತೆ ತುಂಬಿಕೊಂಡವು. ಆ ಸಂಭ್ರಮದ ನಡುವೆ ಆಗಸ್ಟ್‌ನಲ್ಲಿ ಅಸೋಸಿಯೇಟೆಡ್ ಪ್ರೆಸ್ ವರದಿಗಾರ ಸ್ಟೀವ್ ವಿಲ್‌ಸ್ಟೈನ್ ಮೆಗ್ವಾಯರ್ ಅವರ ಲಾಕರ್‌ನಲ್ಲಿ ಒಂದು ಕಂದು ಬಾಟಲಿ ಕಂಡರು. ಅದರ ಮೇಲೆ ಆಂಡ್ರೊಸ್ಟಿನಿಡಿಯೋನ್ ಎಂದಿತ್ತು, ದೇಹದಲ್ಲಿ ಟೆಸ್ಟೊಸ್ಟೆರಾನ್ ಆಗಿ ಬದಲಾಗುವ ವಸ್ತು. ಬಾಟಲಿಯನ್ನು ಬಚ್ಚಿಟ್ಟಿರಲಿಲ್ಲ, ಯಾರಾದರೂ ನೋಡಬಹುದಾದ ಜಾಗದಲ್ಲೇ ಇತ್ತು. ಒಲಿಂಪಿಕ್ಸ್‌ನಲ್ಲೂ ಅಮೆರಿಕದ ಫುಟ್‌ಬಾಲ್ ಲೀಗ್‌ನಲ್ಲೂ ಆಗಲೇ ಅದು ನಿಷಿದ್ಧವಾಗಿತ್ತು. ಬೇಸ್‌ಬಾಲ್‌ನಲ್ಲಿ ಆಗಿರಲಿಲ್ಲ, ಆಗ ಅಂಗಡಿಯಲ್ಲಿ ಕೊಳ್ಳಲೂ ಅಡ್ಡಿಯಿರಲಿಲ್ಲ. ಬಯ್ಗುಳ ಬಿದ್ದದ್ದು ಯಾರಿಗೆ ಗೊತ್ತೇ? ಪರರ ಲಾಕರ್‌ಗೆ ಇಣುಕಿದ ಎಂದು ವರದಿಗಾರನಿಗೆ. ತಾನು ಸ್ಟೀರಾಯ್ಡ್ ಬಳಸಿದ್ದು ನಿಜ ಎಂದು ಮೆಗ್ವಾಯರ್ ಒಪ್ಪಿಕೊಂಡದ್ದು 2010ರ ಜನವರಿಯಲ್ಲಿ.

ನಿಮ್ಮ ಮನೆಯಿಂದ ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ನಿಲ್ದಾಣಕ್ಕೆ ಹೋಗುವಾಗ ಬರ್ಲಿಂಗೇಮ್ ಎಂಬ ಊರು ದಾಟುತ್ತೀರಿ. ಮುಂದಿನ ಅಧ್ಯಾಯ ನಡೆದದ್ದು ಅಲ್ಲಿ. ಬಾಲ್ಕೊ ಎಂಬ ಪುಟ್ಟ ಸಂಸ್ಥೆ ನಡೆಸುತ್ತಿದ್ದ ವಿಕ್ಟರ್ ಕಾಂಟೆ ಹೊರಗೆ ಮಾರುತ್ತಿದ್ದದ್ದು ಪೌಷ್ಟಿಕ ಪೂರಕಗಳನ್ನು, ಒಳಗೆ ಆಟಗಾರರಿಗೆ ಕೊಡುತ್ತಿದ್ದದ್ದು ನಾಲಿಗೆಯ ಕೆಳಗೆ ಹಾಕುವ ಒಂದು ದ್ರವ ಮತ್ತು ಚರ್ಮಕ್ಕೆ ಹಚ್ಚುವ ಒಂದು ಮುಲಾಮು. ದ್ರವದ ವಿಶೇಷವೆಂದರೆ ಪರೀಕ್ಷೆಗೆ ಅದು ಕಾಣುತ್ತಿರಲಿಲ್ಲ. ರಸಾಯನಶಾಸ್ತ್ರ ಬಲ್ಲ ಪ್ಯಾಟ್ರಿಕ್ ಆರ್ನಾಲ್ಡ್, ಸ್ತ್ರೀರೋಗಕ್ಕೆ ಬಳಸುವ ಒಂದು ಔಷಧದ ಅಣುವಿಗೆ ನಾಲ್ಕು ಹೈಡ್ರೊಜನ್ ಪರಮಾಣು ಸೇರಿಸಿ ಹೊಸ ಸ್ಟೀರಾಯ್ಡ್ ಮಾಡಿದ್ದರು. ಆಗಿನ ರೂಢಿಯ ಪರೀಕ್ಷೆಯಲ್ಲಿ ಮೂತ್ರದ ಮಾದರಿಯನ್ನು ಸಿದ್ಧಪಡಿಸುವ ಹಂತದಲ್ಲೇ ಈ ಅಣು ಚೂರಾಗಿಬಿಡುತ್ತಿತ್ತು. ಯಂತ್ರಕ್ಕೆ ಹಿಡಿಯಲು ಏನೂ ಉಳಿಯುತ್ತಿರಲಿಲ್ಲ.

2003ರ ಜೂನ್‌ನಲ್ಲಿ ಟ್ರೆವರ್ ಗ್ರಹಾಂ ಎಂಬ ಓಟದ ತರಬೇತುದಾರ ಬಳಸಿದ ಸಿರಿಂಜ್ ಒಂದನ್ನು ಅಮೆರಿಕದ ಡೋಪಿಂಗ್ ತಡೆ ಸಂಸ್ಥೆಗೆ ಕಳುಹಿಸಿದರು. ಅದರೊಳಗೆ ಉಳಿದಿದ್ದ ಹನಿಗಳು ಲಾಸ್ ಏಂಜಲೀಸ್‌ನ ಡಾನ್ ಕ್ಯಾಟ್ಲಿನ್ ಅವರ ಪ್ರಯೋಗಾಲಯ ಸೇರಿದವು. ಕ್ಯಾಟ್ಲಿನ್ ತಂಡ ಅಣುವಿನ ರಚನೆಯನ್ನು ಬಿಡಿಸಿ, ಹಿಡಿಯುವ ಹೊಸ ವಿಧಾನವನ್ನೂ ರೂಪಿಸಿತು. ಸೆಪ್ಟೆಂಬರ್‌ನಲ್ಲಿ ಬಾಲ್ಕೊ ಮೇಲೆ ದಾಳಿ ನಡೆಯಿತು. ಬಾಂಡ್ಸ್ ಅವರ ತರಬೇತುದಾರ ಗ್ರೆಗ್ ಆಂಡರ್ಸನ್ ಆ ಜಾಲದಲ್ಲಿದ್ದರು. ಡಿಸೆಂಬರ್‌ನಲ್ಲಿ ಗ್ರ್ಯಾಂಡ್ ಜ್ಯೂರಿ (ಮೊಕದ್ದಮೆ ಹೂಡಬೇಕೇ ಎಂದು ತೀರ್ಮಾನಿಸುವ ನಾಗರಿಕರ ಮಂಡಳಿ) ಮುಂದೆ ಬಾಂಡ್ಸ್ ಹೇಳಿದ್ದು, ಆಂಡರ್ಸನ್ ಕೊಟ್ಟದ್ದು ಅಗಸೆ ಎಣ್ಣೆ ಮತ್ತು ಕೀಲುನೋವಿನ ಮುಲಾಮು ಎಂದು ತಿಳಿದಿದ್ದೆ ಎಂದು. ಚುಚ್ಚುಮದ್ದು ಕೊಟ್ಟರೇ ಎಂಬ ಪ್ರಶ್ನೆಗೆ ಅವರು ತಾನು ಪ್ರಸಿದ್ಧ ತಂದೆಯ ಮಗನಾಗಿ ಬೆಳೆದ ಬಗೆಯನ್ನು ವಿವರಿಸತೊಡಗಿದರು. ಈ ಹಾರಿಕೆಯ ಉತ್ತರಕ್ಕಾಗಿಯೇ 2011ರಲ್ಲಿ ನ್ಯಾಯಕ್ಕೆ ಅಡ್ಡಿಪಡಿಸಿದ ತಪ್ಪು ಅವರ ಮೇಲೆ ಸಾಬೀತಾಯಿತು. 2015ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನೂ ರದ್ದು ಮಾಡಿತು. ಆಂಡರ್ಸನ್ ಸಾಕ್ಷಿ ಹೇಳಲು ಒಪ್ಪದೆ ಒಟ್ಟು ಒಂದು ವರ್ಷಕ್ಕೂ ಹೆಚ್ಚು ಕಾಲ ಜೈಲಿನಲ್ಲಿ ಕುಳಿತರು, ಬಾಯಿ ಬಿಡಲಿಲ್ಲ.

ಅದೇ 2003ರಲ್ಲಿ ಲೀಗ್ ಮೊದಲ ಬಾರಿಗೆ ಆಟಗಾರರ ಮೂತ್ರ ಪರೀಕ್ಷೆ ಮಾಡಿತು. ಒಪ್ಪಂದ ಹೀಗಿತ್ತು: ಹೆಸರು ಗುಟ್ಟಾಗಿರುತ್ತದೆ, ಯಾರಿಗೂ ಶಿಕ್ಷೆ ಇಲ್ಲ. ಶೇ 5ಕ್ಕಿಂತ ಹೆಚ್ಚು ಮಾದರಿಗಳಲ್ಲಿ ಸ್ಟೀರಾಯ್ಡ್ ಸಿಕ್ಕಿದರೆ ಮಾತ್ರ ಮುಂದಿನ ವರ್ಷದಿಂದ ನಿಜವಾದ ಪರೀಕ್ಷೆ. ಪರೀಕ್ಷೆ ನಡೆಯುತ್ತದೆಂದು ಮೊದಲೇ ಗೊತ್ತಿದ್ದೂ ಶೇ 5ರಿಂದ 7ರಷ್ಟು ಮಾದರಿಗಳು ಸಿಕ್ಕಿಬಿದ್ದವು. ಗುಟ್ಟಾಗಿರಬೇಕಿದ್ದ ಪಟ್ಟಿಯನ್ನು 2004ರಲ್ಲಿ ಬಾಲ್ಕೊ ತನಿಖೆಯ ಅಧಿಕಾರಿಗಳು ವಶಪಡಿಸಿಕೊಂಡರು. ಅಲ್ಲಿಂದ ಹೆಸರುಗಳು ಒಂದೊಂದಾಗಿ ಸೋರತೊಡಗಿದವು. ತಾರಾ ಬ್ಯಾಟರ್ ಅಲೆಕ್ಸ್ ರಾಡ್ರಿಗಸ್ ಹೆಸರು 2009ರ ಫೆಬ್ರುವರಿಯಲ್ಲಿ ಬಂತು, ಅವರು ಒಪ್ಪಿಕೊಂಡರು. ಡೇವಿಡ್ ಆರ್ಟಿಜ್ ಹೆಸರು ಅದೇ ಜುಲೈಯಲ್ಲಿ ಬಂತು, ಅವರು ಒಪ್ಪಲಿಲ್ಲ. 2016ರಲ್ಲಿ ಕಮಿಷನರ್ ರಾಬ್ ಮ್ಯಾನ್‌ಫ್ರೆಡ್ ಆ ಪಟ್ಟಿಯ ಹತ್ತಕ್ಕೂ ಹೆಚ್ಚು ಫಲಿತಾಂಶಗಳ ಬಗ್ಗೆ ವೈಜ್ಞಾನಿಕ ಅನುಮಾನಗಳಿದ್ದವು, ಆರ್ಟಿಜ್ ಅವರನ್ನು ಅದರ ಮೇಲೆ ಅಳೆಯುವುದು ಸರಿಯಲ್ಲ ಎಂದರು. ಕೂಪರ್ಸ್‌ಟೌನ್ ಹಾದಿಯಲ್ಲಿ ಆರ್ಟಿಜ್‌ಗೆ ಸಿಕ್ಕ ದೊಡ್ಡ ಆಸರೆ ಇದು. ಬಾಂಡ್ಸ್ ಪರವಾಗಿ ಅಂಥ ಮಾತನ್ನು ಯಾವ ಕಮಿಷನರೂ ಆಡಿಲ್ಲ.

2005ರ ಮಾರ್ಚ್ 17ರಂದು ಅಮೆರಿಕದ ಸಂಸತ್ ಸಮಿತಿಯ ಮುಂದೆ ನಡೆದ ವಿಚಾರಣೆಯನ್ನು ಉದ್ದಕ್ಕೆ ಹೇಳುವುದಿಲ್ಲ. ಒಂದು ದೃಶ್ಯ ಸಾಕು. ಹೆಸರಾಂತ ಬ್ಯಾಟರ್ ರಫಾಯೆಲ್ ಪಾಲ್ಮೇರೊ ಸಮಿತಿಯತ್ತ ತೋರುಬೆರಳು ಚಾಚಿ ತಾನು ಎಂದೂ ಸ್ಟೀರಾಯ್ಡ್ ಬಳಸಿಲ್ಲ ಎಂದು ಪ್ರಮಾಣ ಮಾಡಿದರು. ಜುಲೈಯಲ್ಲಿ 3,000ನೇ ಹಿಟ್ ಬಾರಿಸಿ ಅಮರರ ಸಾಲಿಗೆ ಸೇರಿದರು. ಆಗಸ್ಟ್ 1ರಂದು ಸ್ಟಾನೊಜೊಲಾಲ್ ಎಂಬ ಸ್ಟೀರಾಯ್ಡ್‌ಗಾಗಿ ಅಮಾನತಾದರು. ಶಿಕ್ಷೆ ಎಷ್ಟು? ಹತ್ತು ದಿನ. ಸಂಸತ್ತು ಕಣ್ಣು ಕೆಂಪಾಗಿಸಿದ ಮೇಲೆ ಅದು 50 ಪಂದ್ಯ, 100 ಪಂದ್ಯ, ಮೂರನೇ ಸಲಕ್ಕೆ ಆಜೀವ ಎಂದು ಏರಿತು. 2014ರಿಂದ 80 ಪಂದ್ಯ, 162 ಪಂದ್ಯ, ಆಜೀವ. ಸಂಬಳವೂ ಇಲ್ಲ.

ಮೊದಲ ಸಲವೇ ಆಜೀವ ನಿಷೇಧ ಏಕಿಲ್ಲ ಎಂದು ಕೇಳಿದ್ದೀರಿ. ಇದು ಕಾರ್ಮಿಕ ಒಪ್ಪಂದದ ವಿಷಯ. ಲೀಗ್ ಒಂದೇ ಪಕ್ಷವಾಗಿ ಶಿಕ್ಷೆ ಬರೆಯುವಂತಿಲ್ಲ, ಸಂಘ ಸಹಿ ಹಾಕಬೇಕು. ಸಂಘದ ಆತಂಕ ಪೂರ್ತಿ ಸುಳ್ಳಲ್ಲ. ಕಲಬೆರಕೆ ಪೂರಕ ತಿಂದು ಸಿಕ್ಕಿಬಿದ್ದವನ ಬದುಕೂ ಒಂದೇ ಏಟಿಗೆ ಮುಗಿದುಹೋಗುತ್ತದೆ. ಇದು ನಮ್ಮವರಿಗೆ ತಿಳಿಯದ ಸಂಕಟವೇನಲ್ಲ. ಉಡುಪಿ ಜಿಲ್ಲೆಯ ಓಟಗಾರ್ತಿ ಅಶ್ವಿನಿ ಅಕ್ಕುಂಜಿ 2011ರಲ್ಲಿ ಸಿಕ್ಕಿಬಿದ್ದಾಗ ತರಬೇತುದಾರರು ಕೊಟ್ಟ ಜಿನ್ಸೆಂಗ್ ಪೂರಕದಿಂದ ಹೀಗಾಯಿತು ಎಂದರು. ಆದರೂ ಒಂದು ವರ್ಷದ ಶಿಕ್ಷೆ ತಪ್ಪಲಿಲ್ಲ, ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಾಲಯ ಅದನ್ನು ಎರಡು ವರ್ಷಕ್ಕೆ ಏರಿಸಿತು. ನಿನ್ನ ದೇಹದಲ್ಲಿ ಸಿಕ್ಕಿದ್ದಕ್ಕೆ ನೀನೇ ಹೊಣೆ ಎಂಬ ಈ ನಿಯಮ ಬೇಸ್‌ಬಾಲ್‌ನಲ್ಲೂ ಹೆಚ್ಚುಕಡಿಮೆ ಹಾಗೆಯೇ ಇದೆ. 2022ರಲ್ಲಿ ಸ್ಯಾನ್ ಡಿಯಾಗೊದ ಫರ್ನಾಂಡೊ ಟಾಟಿಸ್ ಜೂನಿಯರ್ ಹುಳುಕಡ್ಡಿಯ ಔಷಧದಲ್ಲಿ ಕ್ಲೊಸ್ಟೆಬಾಲ್ ಎಂಬ ಸ್ಟೀರಾಯ್ಡ್ ಇತ್ತು ಎಂದರು. 80 ಪಂದ್ಯ ಕಳೆದುಕೊಂಡರು.

ಆದರೂ ಈಗಿನ ಶಿಕ್ಷೆ ಸಾಕಾಗುತ್ತಿಲ್ಲ ಎಂದೇ ನನ್ನ ಎಣಿಕೆ, ಕಾರಣ ದುಡ್ಡಿನ ಲೆಕ್ಕ. 2023ರಲ್ಲಿ ಮೇಜರ್ ಲೀಗ್‌ಗೆ ಒಂದೇ ಮೆಟ್ಟಿಲು ಕೆಳಗಿರುವ ಟ್ರಿಪಲ್ ಎ ಆಟಗಾರನ ಕನಿಷ್ಠ ವಾರ್ಷಿಕ ಸಂಬಳ 35,800 ಡಾಲರ್, ಮೇಲಿನ ಮೆಟ್ಟಿಲಿನಲ್ಲಿ ಕನಿಷ್ಠ ಸಂಬಳ 7,20,000 ಡಾಲರ್. ಒಂದು ಮೆಟ್ಟಿಲಿಗೆ ಇಪ್ಪತ್ತು ಪಟ್ಟು! ಡೊಮಿನಿಕನ್ ರಿಪಬ್ಲಿಕ್‌ನ ಬಡ ಹುಡುಗನಿಗೆ ಹದಿನಾರಕ್ಕೇ ಈ ಏಣಿ ತೋರಿಸುತ್ತಾರೆ. ಅವನ ಬೋನಸ್ಸಿನಲ್ಲಿ ಪಾಲು ಪಡೆಯುವ ಸ್ಥಳೀಯ ತರಬೇತುದಾರ ಸೂಜಿ ಹಿಡಿದು ನಿಂತರೆ ಅದರಲ್ಲಿ ಏನಿದೆ ಎಂದು ಕೇಳುವ ಧೈರ್ಯ ಆ ಹುಡುಗನಿಗೆ ಎಲ್ಲಿಂದ ಬರಬೇಕು? ಇನ್ನು ಮೇಲಿನವರ ಕಥೆ. ಡೆಟ್ರಾಯಿಟ್‌ನ ಜಾನಿ ಪೆರಾಲ್ಟಾ 2013ರ ಆಗಸ್ಟ್‌ನಲ್ಲಿ 50 ಪಂದ್ಯಗಳ ಅಮಾನತು ಅನುಭವಿಸಿದರು. ನವೆಂಬರ್‌ನಲ್ಲಿ ಸೇಂಟ್ ಲೂಯಿಸ್ ತಂಡ ಅವರಿಗೆ ನಾಲ್ಕು ವರ್ಷಕ್ಕೆ 5.3 ಕೋಟಿ ಡಾಲರ್‌ನ ಒಪ್ಪಂದ ಕೊಟ್ಟಿತು. ಶಿಕ್ಷೆಯ ನಂತರವೂ ಕೊಳ್ಳುವವರಿರುವ ತನಕ ಹೆದರಿಕೆ ಎಲ್ಲಿಂದ ಹುಟ್ಟಬೇಕು? ರಾಬಿನ್ಸನ್ ಕಾನೊ 2018ರಲ್ಲಿ ಒಮ್ಮೆ, 2020ರಲ್ಲಿ ಇನ್ನೊಮ್ಮೆ ಸಿಕ್ಕಿಬಿದ್ದು 2021ರ ಇಡೀ ಋತುವನ್ನೂ ಸುಮಾರು 2.4 ಕೋಟಿ ಡಾಲರ್ ಸಂಬಳವನ್ನೂ ಕಳೆದುಕೊಂಡರು. ಎರಡನೇ ಸಲದ ಪೆಟ್ಟು ಮಾತ್ರ ನಿಜವಾಗಿ ನೋಯಿಸುತ್ತದೆ.

ಪರೀಕ್ಷೆಯ ಒಳಗುಟ್ಟು ನನಗೆ ಪ್ರಿಯವಾದ ವಿಷಯ, ಒಂದಿಷ್ಟು ತಾಳ್ಮೆ ಇರಲಿ. ದೇಹ ತಾನೇ ಟೆಸ್ಟೊಸ್ಟೆರಾನ್ ಮಾಡಿಕೊಳ್ಳುವಾಗ ಮೂತ್ರದಲ್ಲಿ ಸಿಕ್ಕಿದ್ದು ಹೊರಗಿನದು ಎಂದು ಹೇಗೆ ಹೇಳುವುದು? ಮೊದಲ ಜರಡಿ ಎಪಿಟೆಸ್ಟೊಸ್ಟೆರಾನ್ ಎಂಬ ಅದರ ಜೋಡಿ ಅಣು. ಬಹುಪಾಲು ಗಂಡಸರಲ್ಲಿ ಎರಡೂ ಸುಮಾರು ಸಮಸಮ ಇರುತ್ತವೆ, ಅನುಪಾತ 4ಕ್ಕೆ 1 ದಾಟಿದರೆ ಅನುಮಾನ. ಎರಡನೆಯದು ಇಂಗಾಲದ ಜಾಡು. ಕಾರ್ಖಾನೆಯ ಟೆಸ್ಟೊಸ್ಟೆರಾನ್ ತಯಾರಾಗುವುದು ಸೋಯಾದಂಥ ಗಿಡಗಳಿಂದ, ಅವುಗಳಲ್ಲಿ ಭಾರದ ಇಂಗಾಲ, ಅಂದರೆ ಇಂಗಾಲ-13, ಕಡಿಮೆ. ನಾವು ತಿನ್ನುವ ರಾಗಿ, ಜೋಳ, ಕಬ್ಬಿನ ಬೆಲ್ಲ, ಅಮೆರಿಕದವರು ತಿನ್ನುವ ಮೆಕ್ಕೆಜೋಳ, ಇವುಗಳಲ್ಲಿ ಅದು ಹೆಚ್ಚು. ಹಾಗಾಗಿ ಊಟದಿಂದ ಮೈಯಲ್ಲೇ ತಯಾರಾದ ಹಾರ್ಮೋನಿಗೂ ಸೀಸೆಯಿಂದ ಬಂದದ್ದಕ್ಕೂ ಇಂಗಾಲದ ಗುರುತು ಬೇರೆ. ಅದೇ ವ್ಯಕ್ತಿಯ ಮೂತ್ರದ ಬೇರೊಂದು ಸ್ವಂತ ಹಾರ್ಮೋನಿನ ಜತೆ ಹೋಲಿಸುವುದರಿಂದ ಯಾರು ಏನು ಉಂಡರು ಎಂಬ ತಕರಾರಿಗೂ ಅವಕಾಶವಿಲ್ಲ.

ಚಾಪೆಯ ಕೆಳಗೆ ತೂರಿದರೆ ರಂಗೋಲಿಯ ಕೆಳಗೆ ನುಸುಳುವವರು ಇದ್ದೇ ಇರುತ್ತಾರೆ. ಮಯಾಮಿ ಬಳಿಯ ಕೋರಲ್ ಗೇಬಲ್ಸ್‌ನಲ್ಲಿ ಬಯೋಜೆನೆಸಿಸ್ ಎಂಬ ಕ್ಲಿನಿಕ್ ನಡೆಸುತ್ತಿದ್ದ ಆಂಟನಿ ಬಾಷ್ ವೈದ್ಯನೇ ಅಲ್ಲ. ಬಾಯಲ್ಲಿ ಕರಗುವ ಟೆಸ್ಟೊಸ್ಟೆರಾನ್ ಗುಳಿಗೆಯನ್ನು ಪಂದ್ಯಕ್ಕೆ ಸ್ವಲ್ಪ ಮೊದಲು ಕೊಡುವುದು ಆತನ ತಂತ್ರ, ಕೆಲವೇ ಗಂಟೆಗಳಲ್ಲಿ ಜಾಡು ಅಳಿಯುವಷ್ಟು ಪ್ರಮಾಣ. 2013ರಲ್ಲಿ ಕ್ಲಿನಿಕ್ಕಿನ ಪುಸ್ತಕಗಳು ಮಯಾಮಿಯ ಪತ್ರಿಕೆಯೊಂದರ ಕೈಸೇರಿ ಜಾಲ ಬಯಲಾಯಿತು. ಆಗಸ್ಟ್ 5ರ ಒಂದೇ ದಿನ 13 ಆಟಗಾರರು ಅಮಾನತಾದರು. ರಾಡ್ರಿಗಸ್‌ಗೆ ಬಿದ್ದ 211 ಪಂದ್ಯ ಮೇಲ್ಮನವಿಯಲ್ಲಿ 162ಕ್ಕೆ ಇಳಿಯಿತು. ಹಿಡಿದುಕೊಟ್ಟದ್ದು ಪ್ರಯೋಗಾಲಯಕ್ಕಿಂತ ಹೆಚ್ಚಾಗಿ ಬಾಕಿ ದುಡ್ಡು ಸಿಗದೆ ಸಿಟ್ಟಾದವರು, ಹಳೆಯ ಲೆಕ್ಕಪುಸ್ತಕ, ಮೊಬೈಲ್ ಸಂದೇಶ. 2007ರ ಡಿಸೆಂಬರ್‌ನ ಮಿಚೆಲ್ ವರದಿಯಲ್ಲಿ (ಲೀಗ್ ನೇಮಿಸಿದ್ದ ಮಾಜಿ ಸೆನೆಟರ್ ಜಾರ್ಜ್ ಮಿಚೆಲ್ ಅವರ ತನಿಖಾ ವರದಿ) 89 ಆಟಗಾರರ ಹೆಸರು ಬಂದದ್ದೂ ಹೀಗೆಯೇ: ಮುಖ್ಯವಾಗಿ ನ್ಯೂಯಾರ್ಕ್ ಮೆಟ್ಸ್ ತಂಡದ ಡ್ರೆಸಿಂಗ್ ಕೋಣೆಯಲ್ಲಿ ಹಿಂದೆ ಕೆಲಸಕ್ಕಿದ್ದ ಕರ್ಕ್ ರಡಾಮ್‌ಸ್ಕಿ ಬಾಯಿ ಬಿಟ್ಟದ್ದರಿಂದ.

ಇನ್ನು ಕೂಪರ್ಸ್‌ಟೌನ್. ಅಲ್ಲಿಗೆ ಮತ ಹಾಕುವವರು ಅನುಭವಿ ಬೇಸ್‌ಬಾಲ್ ಪತ್ರಕರ್ತರು. ಶೇ 75 ಮತ ಬೇಕು, ಹತ್ತು ವರ್ಷ ಅವಕಾಶ. ಆಟದ ಜತೆ ಪ್ರಾಮಾಣಿಕತೆ, ನಡತೆಯನ್ನೂ ಪರಿಗಣಿಸಿ ಎಂದು ನಿಯಮವಿದೆ. ಮದ್ದಿನ ಬಗ್ಗೆ ಒಂದಕ್ಷರವಿಲ್ಲ. 2022ರ ಜನವರಿಯಲ್ಲಿ, ಕೊನೆಯ ಅವಕಾಶದಲ್ಲಿ, ಬಾಂಡ್ಸ್‌ಗೆ ಶೇ 66, ಅಂಥದೇ ಆರೋಪ ಹೊತ್ತ ಪಿಚರ್ ರಾಜರ್ ಕ್ಲೆಮೆನ್ಸ್‌ಗೆ ಶೇ 65.2 ಮತ ಬಿದ್ದವು. ಅದೇ ದಿನ ಆರ್ಟಿಜ್ ಮೊದಲ ಯತ್ನದಲ್ಲೇ ಶೇ 77.9 ಪಡೆದು ಒಳಹೊಕ್ಕರು. ಆರ್ಟಿಜ್ ನಗುಮೊಗದವರು, ಬಾಸ್ಟನ್‌ನ ಕಣ್ಮಣಿ. ಬಾಂಡ್ಸ್ ವರದಿಗಾರರನ್ನು ಕಂಡರೆ ಮುಖ ಸಿಂಡರಿಸುತ್ತಿದ್ದವರು. ಇದೂ ಮತದಲ್ಲಿ ಸೇರಿಲ್ಲ ಎಂದು ನನ್ನನ್ನು ನಂಬಿಸಲು ಬರಬೇಡಿ. ಇಷ್ಟೂ ಕಾಲ ಕಮಿಷನರ್ ಕುರ್ಚಿಯಲ್ಲಿ ಕುಳಿತು 1998ರ ಬೇಸಿಗೆಗೆ ಚಪ್ಪಾಳೆ ತಟ್ಟಿದ ಬಡ್ ಸೆಲಿಗ್ ಅವರನ್ನು 2017ರಲ್ಲಿ ಸಡಗರದಿಂದ ಸೇರಿಸಿಕೊಂಡರು. ವೃತ್ತಿಜೀವನದ ಹಳೆಯ ದಾಖಲೆಯನ್ನು ಮುರಿದ, ಬಾಂಡ್ಸ್ ಹೊಡೆದ 756ನೇ ಹೋಮ್ ರನ್ನಿನ ಚೆಂಡೂ ಅಲ್ಲಿದೆ. ವಸ್ತ್ರ ವಿನ್ಯಾಸಕ ಮಾರ್ಕ್ ಎಕೊ ಅದನ್ನು ಏಳೂವರೆ ಲಕ್ಷ ಡಾಲರ್‌ಗೆ ಕೊಂಡು, ಮೇಲೆ ನಕ್ಷತ್ರ ಚಿಹ್ನೆ ಕೊರೆಸಿ ದಾನ ಮಾಡಿದರು. ಚೆಂಡಿಗೆ ಪ್ರವೇಶ, ಹೊಡೆದವನಿಗೆ ಇಲ್ಲ.

ನನಗೆ ಮತವಿದ್ದರೆ 2004ರಲ್ಲಿ ಗೆರೆ ಎಳೆಯುತ್ತಿದ್ದೆ. ಶಿಕ್ಷೆಯ ನಿಯಮ ಬಂದ ಮೇಲೆ ಸಿಕ್ಕಿಬಿದ್ದ ಪಾಲ್ಮೇರೊ, ಮ್ಯಾನಿ ರಮಿರೆಜ್, ರಾಡ್ರಿಗಸ್ ಹೊರಗಿರಲಿ. ಅವರಿಗೆ ನಿಯಮ ಗೊತ್ತಿತ್ತು. ಅದಕ್ಕೂ ಹಿಂದಿನವರನ್ನು ಆಟದ ಮೇಲೆ ಅಳೆದು ಒಳಗೆ ಬಿಟ್ಟು, ಫಲಕದ ಮೇಲೆ ಬಾಲ್ಕೊ ಹೆಸರನ್ನೂ ಕೆತ್ತಿಸುತ್ತಿದ್ದೆ. ಇದನ್ನು ಒಪ್ಪದ ಗೆಳೆಯರು ನನಗೆ ಬಹಳ ಮಂದಿ ಇದ್ದಾರೆ. 1990ರ ಅಮೆರಿಕದ ಕಾನೂನೇ ಸ್ಟೀರಾಯ್ಡ್ ಅನ್ನು ನಿಯಂತ್ರಿತ ವಸ್ತು ಮಾಡಿತ್ತಲ್ಲ, ಲೀಗಿನ ನಿಯಮಕ್ಕೆ ಕಾಯಬೇಕಿತ್ತೇ ಎಂದು ಅವರು ಕೇಳುತ್ತಾರೆ. ಆ ವಾದದಲ್ಲಿ ಹುರುಳಿದೆ. ಹಾಗಾದರೆ ಸೆಲಿಗ್ ಫಲಕವನ್ನೂ ಇಳಿಸೋಣ ಎಂಬುದು ನನ್ನ ಮರುಮಾತು.

ಕೊನೆಗೆ ನಿಮ್ಮ ಮಗ. ಸುತ್ತುಬಳಸದೆ ಹೇಳುತ್ತೇನೆ: ಕೊಡಬೇಡಿ. ಬರಿ ಪ್ರೋಟೀನ್ ಪುಡಿಯಿಂದ ದೊಡ್ಡ ಅಪಾಯವಿಲ್ಲ, ಆದರೆ ಬೇಳೆ, ಮೊಸರು, ಮೊಟ್ಟೆ ಹೊಟ್ಟೆ ತುಂಬ ತಿನ್ನುವ ಹುಡುಗನಿಗೆ ಅದರ ಅಗತ್ಯವೂ ಇಲ್ಲ. ಸ್ನಾಯುಬಲಕ್ಕೆಂದು ತಿನ್ನುವ ಕ್ರಿಯೇಟಿನ್ ಎಂಬ ಪೂರಕ ಮೇಜರ್ ಲೀಗಿನಲ್ಲಿ ನಿಷಿದ್ಧವಲ್ಲ, ಆದರೂ ಹದಿನೆಂಟರ ಒಳಗಿನವರಿಗೆ ಬೇಡವೆಂದೇ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ ಸಲಹೆ. ಭಯ ಇರುವುದು ಅದರ ಮುಂದಿನ ಹೆಜ್ಜೆಯಲ್ಲಿ. ಈ ವಯಸ್ಸಿನಲ್ಲಿ ಸ್ಟೀರಾಯ್ಡ್ ಸೇರಿದರೆ ಮೂಳೆಯ ತುದಿಯ ಬೆಳವಣಿಗೆಯ ಪದರಗಳು ಬೇಗ ಮುಚ್ಚಿ ಎತ್ತರ ಅಲ್ಲಿಗೇ ನಿಲ್ಲುತ್ತದೆ. ಬಿಟ್ಟಾಗ, ದೇಹದ ಸ್ವಂತ ಹಾರ್ಮೋನ್ ಮತ್ತೆ ಚಿಗುರುವ ಮೊದಲು, ತೀವ್ರ ಖಿನ್ನತೆ ಕವಿಯಬಹುದು. 2005ರ ಆ ಸಂಸತ್ ವಿಚಾರಣೆಯಲ್ಲಿ ತಾರೆಯರಿಗಿಂತ ಮೊದಲು ಮಾತನಾಡಿದವರಲ್ಲಿ ಟೆಕ್ಸಾಸ್‌ನ ಒಬ್ಬ ತಂದೆಯಿದ್ದರು. ಶಾಲಾ ತಂಡದ ಪಿಚರ್ ಆಗಿದ್ದ ಅವರ 17ರ ಮಗ ಸ್ಟೀರಾಯ್ಡ್ ನಿಲ್ಲಿಸಿದ ಬಳಿಕ 2003ರಲ್ಲಿ ಪ್ರಾಣ ಕಳೆದುಕೊಂಡಿದ್ದ.

ಗೆಳೆಯರು ಹೇಳಿದ ಡಬ್ಬಿ ಈಗಾಗಲೇ ಮನೆಗೆ ಬಂದಿದ್ದರೆ ಬೈಯದೆ ಅವನ ಜತೆ ಕುಳಿತು ಲೇಬಲ್ ಓದಿ. ಪ್ರೊಹಾರ್ಮೋನ್, ಟೆಸ್ಟೊಸ್ಟೆರಾನ್ ಬೂಸ್ಟರ್, ಸಾರ್ಮ್ ಎಂಬ ಪದಗಳಲ್ಲಿ ಯಾವುದಾದರೂ ಕಂಡರೆ ಅದು ಕಸದ ಬುಟ್ಟಿಗೆ. ಅಂಥ ಪದವೇನೂ ಇಲ್ಲದಿದ್ದರೂ ಎನ್‌ಎಸ್‌ಎಫ್ ಸರ್ಟಿಫೈಡ್ ಫಾರ್ ಸ್ಪೋರ್ಟ್ ಎಂಬ ಮುದ್ರೆ ಇದೆಯೇ ನೋಡಿ, ಮೇಜರ್ ಲೀಗ್ ತಂಡಗಳು ಆಟಗಾರರಿಗೆ ಕೊಡುವ ಪೂರಕಗಳಿಗೂ ಅದೇ ಮುದ್ರೆ ಬೇಕು. ಮುದ್ರೆ ಇದ್ದರೆ ಡಬ್ಬಿಯ ಚಿತ್ರ ತೆಗೆದು ಅವನ ಮಕ್ಕಳ ವೈದ್ಯರಿಗೆ ಕಳುಹಿಸಿ, ಅವರು ಹೇಳುವ ತನಕ ಮುಚ್ಚಳ ತೆಗೆಯಬೇಡಿ.